ಅಣ್ಣನ ಎಡಹೆಗಲು

ಯಡ್ರಾವದಲ್ಲಿ ನಮ್ಮ ಮನೆಗೆ ಹೋಗುವ ದಾರಿಯಲ್ಲಿ ನೂಲಿಗೆ ಗಂಜಿ ಹಾಕುವ ಕಾರ್ಖಾನೆಯೊಂದಿದೆ. ಇಚಲಕರಂಜಿಯ ಮಗ್ಗಗಳಿಗೆ ಹೋಗುವ ನೂಲು ಅಲ್ಲಿ ಬಿಸಿ ಗಂಜಿಯಲ್ಲಿ ಅದ್ದಿಸಿಕೊಂಡು ಬಿಗಿಯಾಗುತ್ತದೆ. ಕಳೆದ ತಿಂಗಳು ಹೆಂಡತಿಯನ್ನು ಕೊಲ್ಹಾಪುರದ ಡಾಕ್ಟರಿಗೆ ತೋರಿಸಿಕೊಂಡು, ಅವಳ ಗುಳಿಗೆಗಳ ಚೀಲ ಹಿಡಿದು ಬರುತ್ತಿದ್ದವನು ಆ ಗೋಡೆಯ ಪಕ್ಕ ನಿಂತುಬಿಟ್ಟೆ. ಕುದಿಯುವ ಗಂಜಿಯ ಹುಳಿಹುಳಿ ವಾಸನೆ... ಹುಣಸೆಬೀಜವನ್ನು ಅರೆದು ಕುದಿಸಿದಾಗ ಬರುವ ವಾಸನೆಗೆ ತೀರ ಹತ್ತಿರ. ಗಡಹಿಂಗ್ಲಜದ ಆಚೆ ನಮ್ಮ ಊರಿನಲ್ಲಿ, ಪಕ್ಕದ ಮನೆಯ ಅಣ್ಣ ಕರಿ ಉಣ್ಣೆಯ ನೂಲನ್ನು ಅಂಗಳದುದ್ದಕ್ಕೂ ಕಟ್ಟಿ, ಅಂಥದೇ ಗಂಜಿ ಬಳಿಯುತ್ತಿದ್ದ.

ಒಡಹುಟ್ಟಿದವನಲ್ಲ, ನೆರೆಯವನು, ನನಗಿಂತ ಹಿರಿಯ. ಹೆಸರು ಬರೆಯುವುದಿಲ್ಲ. ಒಮ್ಮೆ ಅವನ ಹೆಸರನ್ನು ಊರವರ ಬಾಯಿಗೆ ಹಾಕಿದ್ದೇ ಸಾಕು.

ಕುರಿ ಸಾಕಿದ ಮನೆತನಗಳು ನಮ್ಮವು. ಅಣ್ಣ ಕಂಬಳಿ ನೇಯುತ್ತಿದ್ದ. ಕೊಳ್ಳಲು ಬಂದವರ ಮುಂದೆ ಕಂಬಳಿಯನ್ನು ಜೋಳಿಗೆಯಂತೆ ಹಿಡಿದು, ಅದರಲ್ಲಿ ತಂಬಿಗೆ ನೀರು ಸುರಿದು, "ಒಂದ್ ಹನಿ ಕೆಳಗ ಇಳೀತಂದ್ರ ಮೀಸಿ ಬೋಳಿಸ್ಕೋತೇನಿ ನೋಡ್ರಿ" ಅನ್ನುತ್ತಿದ್ದ. ಅವನ ಮೀಸೆ ಕೊನೆಯವರೆಗೂ ಉಳಿಯಿತು.

ಮದುವೆಯಿರಲಿ, ದೇವರ ಕಾರ್ಯವಿರಲಿ, ನಮ್ಮಲ್ಲಿ ಮೊದಲು ಕಂಬಳಿಯ ಗದ್ದುಗೆ ಹಾಕಬೇಕು. ಹಿರಿಯನೊಬ್ಬ ಕಂಬಳಿಯನ್ನು ಎಡಹೆಗಲ ಮೇಲೆ ಹೊತ್ತು ತಂದು, ತೀರಿಹೋದ ಹಿರಿಯರನ್ನು ಮನೆತನಗಳ ವರಸೆಯಲ್ಲಿ ಹೆಸರು ಹಿಡಿದು ಕರೆದು, ಆಮೇಲೆ ಅದನ್ನು ಹಾಸಿ ಅಕ್ಕಿ, ಅರಿಶಿನದ ಭಂಡಾರ ಇಡುತ್ತಾನೆ. ನಮ್ಮೂರಲ್ಲಿ ಆ ಮಾನ ಅಣ್ಣನ ಮನೆಯದು. ಅವನು ಹೆಸರು ಕರೆಯುವಾಗ ಒಂದೂ ತಪ್ಪುತ್ತಿರಲಿಲ್ಲ. ತಮ್ಮ ಮುತ್ತಜ್ಜನ ಹೆಸರು ಮರೆತವರು ಅವನನ್ನು ಕೇಳಿ ತಿಳಿದುಕೊಳ್ಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಅವನ ಎಡಹೆಗಲಿನಿಂದ ಎದೆಯವರೆಗೆ ಸರ್ಪಸುತ್ತು ಎದ್ದಿತು. ಅವನ ಹೆಂಡತಿ, ನಾವೆಲ್ಲ ವೈನಿ ಅನ್ನುವವರು, ಕೆಮ್ಮಣ್ಣು ಹಚ್ಚಿದರು. ಗುಳ್ಳೆಗಳು ಒಣಗಿ ಕಲೆ ಮಾತ್ರ ಉಳಿದಾಗ, ಇನ್ನು ಭಯವಿಲ್ಲ ಎಂದು ಊರವರು ನಿರಾಳವಾದರು. ಆದರೆ ಬೇನೆ ಹೋಗಲಿಲ್ಲ. ಅಣ್ಣ ಅಂಗಿಯ ಎಡತೋಳು ಹಾಕಿಕೊಳ್ಳದೆ, ಹೆಗಲು ಬಿಟ್ಟುಕೊಂಡೇ ಓಡಾಡತೊಡಗಿದ. ಕಟ್ಟೆಯ ಮೇಲಿನವರಿಗೆ ಅಷ್ಟು ಸಾಕಾಯಿತು.

"ಏನ್ ಅಣ್ಣಾ, ಹೊಸಾ ಸೊಸಿಹಂಗ ಸೆರಗ ಸರಿಸ್ಕೊಂಡ ಹೊಂಟಿಯಲ್ಲಾ!"

ಅಣ್ಣ ನಕ್ಕ. ಆಮೇಲೆ ನನ್ನ ಕಡೆ ತಿರುಗಿ, "ತಮ್ಮಾ, ಅರಿವಿ ತಾಗಿದ್ರ ಕೆಂಡಾ ಸುರದಂಗ ಆಗ್ತೈತಿ. ಗಾಳಿ ಬೀಸಿದ್ರೂ ಉರೀತೈತಿ. ಗುದ್ದಿದ್ರ ತಡಕೋತೇನಿ, ಸವರಿದ್ರ ಜೀವಾ ಹೋಗ್ತೈತಿ" ಎಂದ.

"ಹಂಗಾರ ದಿನಾ ನಾಕ್ ಗುದ್ದ ಕೊಡ್ರೋ ಅವಗ!" ಎಂದರು ಯಾರೋ. ನಾನೂ ನಕ್ಕೆ.

ಅವನು ಬದಲಾಗುತ್ತ ಹೋದ. ನಿದ್ದೆಯಿಲ್ಲದೆ ಕಣ್ಣು ಕುಳಿ ಬಿದ್ದವು. ಸಣ್ಣ ಸಪ್ಪಳಕ್ಕೂ ಸಿಡಿಯುತ್ತಿದ್ದ. ನೂಲಿನ ಲೆಕ್ಕ ತಪ್ಪಿ, ಅರ್ಧ ನೇಯ್ದ ಕಂಬಳಿಯನ್ನು ಬಿಚ್ಚಿ ಮತ್ತೆ ಕೂರುತ್ತಿದ್ದ. ಮಾತಾಡುತ್ತ ಆಡುತ್ತ ನಡುವೆ ನಿಂತು, "ಏನ್ ಹೇಳಾಕತ್ತಿದ್ದೆ ನಾ?" ಎಂದು ಕೇಳುತ್ತಿದ್ದ. ಅಣ್ಣನಿಗೆ ಸೊಕ್ಕು ಬಂದಿದೆ ಎಂದರು ಕೆಲವರು. ಕುಡಿಯಲು ಕಲಿತಿದ್ದಾನೆ ಎಂದರು ಇನ್ನು ಕೆಲವರು.

ಕಡೆಗೆ ವೈನಿ ಅವನನ್ನು ಗಡಹಿಂಗ್ಲಜಕ್ಕೆ ಕರೆದೊಯ್ದರು. ಅಲ್ಲಿನ ಡಾಕ್ಟರು ಕೊಟ್ಟ ಗುಳಿಗೆ ನುಂಗತೊಡಗಿದ ಮೇಲೆ ಅಣ್ಣ ಸ್ವಲ್ಪ ಸ್ವಲ್ಪ ನಿದ್ದೆ ಮಾಡಿದ. ಮತ್ತೆ ಮಗ್ಗದ ಕುಣಿಗೆ ಇಳಿದ. ಅಂಗಿಯ ಎಡತೋಳನ್ನೂ ಒಂದೊಂದು ಹೊತ್ತು ಹಾಕಿಕೊಳ್ಳುತ್ತಿದ್ದ. ಒಂದು ಸಂಜೆ ಗುಳಿಗೆಯ ಚೀಟಿಯನ್ನು ನನ್ನ ಕೈಗೆ ಕೊಟ್ಟು, "ಇವು ಎಷ್ಟ ದಿನಾ ತಗೋಬೇಕು, ಕೇಳ್ಕೊಂಡ ಬಾ ತಮ್ಮಾ" ಎಂದ. ಓಣಿಯಲ್ಲಿ ಹೈಸ್ಕೂಲು ಮುಗಿಸಿದವನು ನಾನೊಬ್ಬನೇ. ಎಲ್ಲರ ಕಾಗದಪತ್ರ ನನ್ನ ಹತ್ತಿರವೇ ಬರುತ್ತಿದ್ದವು.

ಗಡಹಿಂಗ್ಲಜಕ್ಕೆ ಹೋದರೂ ನಾನು ಡಾಕ್ಟರನ್ನು ಕಾಣಲಿಲ್ಲ. ಅಲ್ಲಿ ಪಾಳಿ ಉದ್ದವಿತ್ತು. ಔಷಧ ಅಂಗಡಿಯವನನ್ನು ಕೇಳಿದೆ. "ಇವು ಫಿಟ್ಸ್ ಬರೋರಿಗೆ ಕೊಡ್ತಾರ್ರಿ. ತಲಿಗೆ ಸಂಬಂಧಪಟ್ಟವು" ಎಂದ. ಅಷ್ಟು ಕೇಳಿಕೊಂಡು ಊರಿಗೆ ಬಂದೆ. ಅಣ್ಣನ ಮನೆಗೆ ಹೋಗಿ ಮೆಲ್ಲಗೆ ಹೇಳಬಹುದಿತ್ತು. ಕಟ್ಟೆಯ ಮೇಲೆ, ಮಂದಿಯ ನಡುವೆ ಹೇಳಿದೆ.

"ಅಣ್ಣಾ, ಇವು ಹೆಗಲಿನ ಗುಳಗಿ ಅಲ್ಲ, ತಲಿ ಗುಳಗಿ! ಡಾಕ್ಟರ್ ನಿನ್ನ ಹೆಗಲ ನೋಡಿ ಕೊಟ್ಟಿಲ್ಲ, ತಲಿ ನೋಡಿ ಕೊಟ್ಟಾನ."

ಮಂದಿ ನಕ್ಕರು. ಅಣ್ಣ ನಗಲಿಲ್ಲ. ನನ್ನ ಹತ್ತಿರ ಬಂದು ಮೆಲುದನಿಯಲ್ಲಿ ಕೇಳಿದ, "ಹಂಗಾದ್ರ ನನಗ ಬ್ಯಾನಿ ಇಲ್ಲೇನು?"

"ಇದ್ದಿದ್ರ ಬ್ಯಾನಿ ಗುಳಗೀನ ಕೊಡ್ತಿದ್ದರಲ್ಲ" ಎಂದೆ.

ತಿಳಿಯದೆ ಹೇಳಿದೆ ಎಂದು ಬರೆದು ತಪ್ಪಿಸಿಕೊಳ್ಳಬಹುದು. ಪೂರ್ತಿ ನಿಜವಲ್ಲ ಅದು. ತಿಳಿದವನು ಎನಿಸಿಕೊಳ್ಳುವ ಹಂಬಲ ನನಗಿತ್ತು. ಗದ್ದುಗೆಯ ಮಾನ ನಮ್ಮ ಮನೆಗಿಲ್ಲವಲ್ಲ ಎಂಬ ಹೊಟ್ಟೆಕಿಚ್ಚೂ ಒಳಗೆಲ್ಲೋ ಇತ್ತು. ಹುಚ್ಚರ ಗುಳಿಗೆ ತಿನ್ನುವವನು ಎಂಬ ಮಾತು ಬಾವಿಕಟ್ಟೆಯವರೆಗೂ ಹೋಯಿತು. ಅಣ್ಣ ಗುಳಿಗೆ ಬಿಟ್ಟ. ಕೆಲವೇ ದಿನಗಳಲ್ಲಿ ಎಡತೋಳು ಮತ್ತೆ ಹೊರಗೆ ಬಂತು.

ಆಮೇಲೆ ನನ್ನ ಮಗಳ ಮದುವೆ. ಬೀಗರು ಕೋವಾಡದ ಕಡೆಯವರು, ರೀತಿ ರಿವಾಜಿನಲ್ಲಿ ಬಿಗಿ. ಅಣ್ಣ ಹೊತ್ತಿಗೆ ಸರಿಯಾಗಿ ಬಂದ. ನನ್ನನ್ನು ಪಕ್ಕಕ್ಕೆ ಕರೆದ.

"ತಮ್ಮಾ, ಕಂಬಳಿ ಕೈಯಾಗ ಹಿಡಕೊಂಡ ಬರ್ತೇನಿ. ಹೆಗಲ ಮ್ಯಾಲ ಬ್ಯಾಡಪ್ಪಾ. ಇವತ್ತ ಭಾಳ ಉರಿಯಾಕತ್ತೈತಿ."

"ಬೀಗರು ನೋಡಾಕತ್ತಾರ! ಕಂಬಳಿ ನೇಯಾಂವಗ ಕಂಬಳಿ ಚುಚ್ಚತೈತೇನು? ಎಲ್ಲಾ ನಿನ್ನ ತಲ್ಯಾಗ ಐತಿ" ಎಂದು, ನಾನೇ ಕಂಬಳಿಯನ್ನು ಅವನ ಎಡಹೆಗಲಿಗೆ ಹಾಕಿದೆ. ಜಾರದಿರಲಿ ಎಂದು ಅಂಗೈಯಿಂದ ಸವರಿ ಕೂಡಿಸಿದೆ.

ಅವನು ಕೂಗಲಿಲ್ಲ. ಬಾಯಿ ಬಿಗಿಹಿಡಿದು ಹಂದರದವರೆಗೆ ನಡೆದ. ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ನಿಂತು ಹಿರಿಯರ ಹೆಸರು ಕರೆಯತೊಡಗಿದ. ಎರಡು ಮೂರು ಮನೆತನ ಸರಿಯಾಗಿ ಬಂದವು. ಆಮೇಲೆ ನಿಂತಿತು. ಎಲ್ಲರೂ ಕಾದರು... ನಮ್ಮ ಅಪ್ಪನ ಹೆಸರು ಬರಬೇಕಿತ್ತು. ಅವನ ತುಟಿ ಅಲುಗುತ್ತಿತ್ತು, ಹೆಸರು ಬರಲಿಲ್ಲ. ಹಿಂದಿನಿಂದ ಒಬ್ಬ, "ಮುಂಜಾನೇನ ಏರಿಸ್ಯಾನ" ಎಂದ. ಅಣ್ಣ ಹೆಗಲ ಕಂಬಳಿಯನ್ನು ಕಿತ್ತು ನೆಲಕ್ಕೆ ಒಗೆದು ಹಂದರದಿಂದ ಹೊರಗೆ ಹೋದ. ಗದ್ದುಗೆಯ ಕಂಬಳಿಯನ್ನು ಹಾಗೆ ಒಗೆದದ್ದನ್ನು ನಮ್ಮ ಊರು ಅವತ್ತಿನವರೆಗೆ ನೋಡಿರಲಿಲ್ಲ. ನಾನು ಅದನ್ನು ಎತ್ತಿ ಇನ್ನೊಬ್ಬ ಹಿರಿಯರ ಕೈಗೆ ಕೊಟ್ಟೆ. ಅಣ್ಣನ ಹಿಂದೆ ಯಾರೂ ಹೋಗಲಿಲ್ಲ, ನಾನೂ ಹೋಗಲಿಲ್ಲ.

ಗದ್ದುಗೆಯ ಮಾನ ಬೇರೆ ಮನೆಗೆ ಹೋಯಿತು. ಅಣ್ಣನನ್ನು ಯಾವ ಕಾರ್ಯಕ್ಕೂ ಕರೆಯಲಿಲ್ಲ. ನೇಯುವುದೂ ನಿಂತು, ಮಗ್ಗದ ಕುಣಿಗೆ ಮನೆಯವರೇ ಮಣ್ಣು ಮುಚ್ಚಿಸಿದರು. ಅವನು ಬಹಳ ವರ್ಷ ಬದುಕಿದ, ಮನೆಯೊಳಗೇ. ಗೋಡೆಯಾಚೆ ಅವನ ಕೆಮ್ಮು ಕೇಳುತ್ತಿತ್ತು. ಹೋಗಿ ಕೂರಬೇಕೆಂದು ಎಷ್ಟೋ ಸಲ ಅನಿಸಿದೆ... ಹೋಗಲಿಲ್ಲ. ಸತ್ತಾಗ ರೂಢಿಯಂತೆ ಅವನ ಮೇಲೆ ಕಂಬಳಿ ಹೊದಿಸಿದರು. ವೈನಿ ಓಡಿ ಬಂದು ಎಡಹೆಗಲಿನ ಕಡೆಯ ತುದಿಯನ್ನು ಸರಿಸಿದ್ದು ನೆನಪಿದೆ. ದುಃಖದಲ್ಲಿ ಏನೋ ಮಾಡುತ್ತಿದ್ದಾರೆ ಎಂದುಕೊಂಡೆ.

ಆಮೇಲೆ ನಾವು ಊರು ಬಿಟ್ಟು ಯಡ್ರಾವಕ್ಕೆ ಬಂದೆವು. ಈಗ ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ. ವರ್ಷದಿಂದ ಅಂಗಾಲು ಉರಿ. "ಚಾದರ ತಾಗಿದ್ರ ಕೆಂಡಾ ಸುರದಂಗ ಆಗ್ತೈತ್ರಿ" ಎಂದು ಅವಳು ಕೊಲ್ಹಾಪುರದ ಡಾಕ್ಟರ ಮುಂದೆ ಹೇಳಿದಳು. ಅಣ್ಣ ಅಂದದ್ದೂ ಇದನ್ನೇ. ಡಾಕ್ಟರು ಬರೆದುಕೊಟ್ಟ ಗುಳಿಗೆ ಯಾವುದೆಂದು ಕೇಳಿದೆ. ಫಿಟ್ಸ್‌ಗೂ ಅದನ್ನೇ ಕೊಡುತ್ತೇವೆ ಎಂದರು.

"ಹಂಗಾದ್ರ ಇದು ತಲ್ಯಾಗಿನ ಬ್ಯಾನಿ ಏನ್ರಿ?" ಎಂದೆ.

ಡಾಕ್ಟರಾದ ಆ ಹೆಣ್ಣುಮಗಳು ಸಿಟ್ಟಾಗಲಿಲ್ಲ. ಮರಾಠಿ ಕನ್ನಡ ಬೆರೆಸಿ, ಬಿಡಿಸಿ ಹೇಳಿದರು. ನರಕ್ಕೆ ಪೆಟ್ಟಾದರೆ, ಗಾಯ ಮಾಯ್ದ ಮೇಲೂ ಅದು ಕೂಗುತ್ತಲೇ ಇರಬಹುದು. ಹಗಲೂ ರಾತ್ರಿ ಆ ಕೂಗು ಕೇಳುವ ಮಿದುಳು, ಜಡ್ಡಾದ ಕೂಸಿನ ತಾಯಿಯಂತಾಗುತ್ತದೆ. ಹಾಸಿಗೆ ಸರಿದ ಸಪ್ಪಳಕ್ಕೂ ದಿಗ್ಗನೆ ಎದ್ದು ಕೂರುತ್ತದೆ. ಬಟ್ಟೆ ಸೋಕಿದ್ದೂ ಅದಕ್ಕೆ ಬೆಂಕಿಯೇ. ಅದೇ ಕಾವಲಿನಲ್ಲಿ ಸವೆದು, ನಿದ್ದೆಗೆ, ನೆನಪಿಗೆ, ತಾಳ್ಮೆಗೆ ಅದರಲ್ಲಿ ಬಲ ಉಳಿಯುವುದಿಲ್ಲ. ಮನುಷ್ಯ ಬೇರೆಯವನಂತೆ ಕಾಣುತ್ತಾನೆ. ಗುಳಿಗೆ ಆ ಕೂಗನ್ನು ತಗ್ಗಿಸುತ್ತದೆ. ಎಲ್ಲರಿಗೂ ಪೂರ್ತಿ ಗುಣವಾಗದಿದ್ದರೂ, ಎಷ್ಟೋ ಮಂದಿಯ ಮಿದುಳು ನಿಧಾನವಾಗಿ ಮತ್ತೆ ಶಾಂತವಾಗುತ್ತದೆ.

"ಬ್ಯಾನಿ ಖರೇನ ಐತ್ರಿ ಅಜ್ಜಾರ. ಆದ್ರ ಕಣ್ಣಿಗೆ ಕಾಣೂದಿಲ್ಲ, ಅಷ್ಟ" ಎಂದರು.

ಮುಂದಿನ ವಾರ ಊರಿಗೆ ಹೋಗಿ ವೈನಿಯ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಜೋಳ ಹಸನು ಮಾಡುತ್ತ ಕೇಳಿದರು. ಮೊರ ಕೆಳಗಿಡಲಿಲ್ಲ.

"ನನಗ್ಯಾಕ ಹೇಳ್ತಿ ಭಾವೂಜಿ? ನನಗ ಆಗೂ ಗೊತ್ತಿತ್ತು. ನೀ ಅಂದದ್ದು ಮಂದ್ಯಾಗ. ಮಂದ್ಯಾಗ ಹೋಗಿ ಹೇಳು."

ನಿನ್ನೆ ಊರಲ್ಲಿ ದೇವರ ಕಾರ್ಯವಿತ್ತು. ಗದ್ದುಗೆ ಹಾಕುವ ಮೊದಲು ಎದ್ದು ನಿಂತೆ. ಅಣ್ಣ ಕುಡಿದಿರಲಿಲ್ಲ, ಅವನಿಗೆ ಹುಚ್ಚು ಇರಲಿಲ್ಲ, ಆ ಗುಳಿಗೆ ಬಿಡಿಸಿದವನು ನಾನು, ಕಂಬಳಿ ಹೊರಿಸಿದವನೂ ನಾನು ಎಂದೆ. ಹೇಳುತ್ತ ಹೇಳುತ್ತ ಎದುರಿಗಿದ್ದ ಮುಖಗಳನ್ನು ನೋಡಿದೆ. ಅವತ್ತು ನಕ್ಕವರಲ್ಲಿ ಹೆಚ್ಚಿನವರು ಈಗಿಲ್ಲ. ಕುಳಿತವರೆಲ್ಲ ಅವರ ಮಕ್ಕಳು, ಮೊಮ್ಮಕ್ಕಳು. ಹಿರಿಯ ಮನುಷ್ಯ ಏನೋ ಹೇಳುತ್ತಾನೆಂದು ಮರ್ಯಾದೆಗೆ ಕೇಳಿಸಿಕೊಂಡರು. ಹೆಂಗಸರ ಸಾಲಿನಲ್ಲಿ, ಹೊಸದಾಗಿ ಊರಿಗೆ ಬಂದ ಸೊಸೆಯೊಬ್ಬಳು ಪಕ್ಕದಲ್ಲಿದ್ದ ವೈನಿಯನ್ನೇ ಕೇಳಿದಳು, "ಅಜ್ಜಾರು ಯಾರ ಬಗ್ಗೆ ಹೇಳಾಕತ್ತಾರ್ರಿ ಆಯೀ?"

"ನಮ್ಮ ಮನಿಯವರ ಬಗ್ಗೆ" ಎಂದರು ವೈನಿ. "ಅವರಿಗೆ ಖರೇನ ಬ್ಯಾನಿ ಇತ್ತವಾ."

ಅವನು ಬದುಕಿದ್ದಾಗ ನಮ್ಮಲ್ಲಿ ಒಬ್ಬರೂ ಹಾಗೆ ಅಂದಿರಲಿಲ್ಲ.