ತಿರುಗದೆ ಉಳಿದ ತಟ್ಟೆ

ಅಮೆರಿಕದಲ್ಲಿ, ಓಲ್ಡ್ ಬ್ರಿಡ್ಜ್ ಊರಿನ ಅಪಾರ್ಟ್‌ಮೆಂಟಿನಲ್ಲಿ, ನಮ್ಮ ಎದುರು ಮನೆಯವರು ಫಿಲಿಪೀನ್ಸಿನವರು. ಆಕೆ ನರ್ಸು, ಆತ ನಮ್ಮವರ ಜೊತೆ ಒಂದೇ ಕಾರಿನಲ್ಲಿ ಕಮ್ಯೂಟ್ ಮಾಡುತ್ತಿದ್ದ ಇಂಜಿನಿಯರು. ಭಾನುವಾರ ಅವರು ಚರ್ಚಿನಿಂದ ಬಂದಮೇಲೆ ಎರಡೂ ಮನೆಯವರು ಅವರಲ್ಲೇ ಊಟ ಮಾಡುತ್ತಿದ್ದೆವು. ಮಾಂಸ ಮುಟ್ಟದ ನನಗೆಂದು ಆಕೆ ಬೇರೆ ಬಾಣಲೆಯಲ್ಲಿ ಬೀನ್ಸ್ ಹುರಿದಿಡುತ್ತಿದ್ದಳು.

ಊಟಕ್ಕೆ ಕೂತರೆ ಆತನದು ಒಂದೇ ಆಟ: ನಡೆಯದೇ ಹೋದ ಚರಿತ್ರೆ. ಆಳುತ್ತಿದ್ದ ಸ್ಪೇನಿನವರು ಫಿಲಿಪೀನ್ಸಿಗೆ ಸ್ವಂತ ಸರ್ಕಾರ ಕೊಟ್ಟಿದ್ದರೆ, ಅವರ ಹಿಂದೆ ಅಮೆರಿಕನ್ನರು ಬಾರದೇ ಇದ್ದಿದ್ದರೆ! ಆತ ಕಲ್ಪಿಸಿದ ಆ ದೇಶದಲ್ಲಿ ಕೋರ್ಟಿಗೆ ಸ್ಪ್ಯಾನಿಷ್, ಶಾಲೆಗೆ ಮನೆಯ ಮಾತು. ಅವಧಿ ಮುಗಿದ ಅಧ್ಯಕ್ಷ ಟೋಪಿ ತೆಗೆದುಕೊಂಡು ತೆಪ್ಪಗೆ ಮನೆಗೆ ನಡೆಯುತ್ತಾನೆ. ಕನ್ನಡ ಮಾತಾಡಿದ್ದಕ್ಕೆ ಕಾನ್ವೆಂಟಿನಲ್ಲಿ ಬೆಂಚಿನ ಮೇಲೆ ನಿಂತವಳು ನಾನು. ಆ ಶಾಲೆಯ ಮೇಲೆ ಆಸೆಯಾಗುತ್ತಿತ್ತು.

"ಪೋರ್ಚುಗೀಸರು ಮೈಸೂರಿನ ತನಕ ಬಂದಿದ್ದಿದ್ರೆ ನೀನು ಸಾರಿಗೆ ವಿನೆಗರ್ ಹಾಕ್ತಿದ್ದೆ ಕಣೇ," ಎಂದು ನಮ್ಮವರು ರೇಗಿಸುತ್ತಿದ್ದರು.

ಆಮೇಲೆ ಮನಿಲಾದಲ್ಲಿ ಮಿಲಿಟರಿ ಕಾನೂನು ಬಂತು. ಆತನ ತಮ್ಮ ಅಲ್ಲಿ ಪತ್ರಕರ್ತ. ಅವನನ್ನು ಮನೆಯಿಂದ ಕರೆದುಕೊಂಡು ಹೋದರೆಂದು ತಿಳಿದದ್ದೇ ಕೊನೆ, ಮತ್ತೆ ಸುದ್ದಿಯಿಲ್ಲ. ಹುಡುಕಲು ಆತನೇ ಹೊರಟ. ಹೊರಡುವ ದಿನದ ಊಟಕ್ಕೂ ಅದೇ ಆಟ. ಚಮಚ ಮಾತ್ರ ಅನ್ನವನ್ನು ತಟ್ಟೆಯ ಅಂಚಿನ ಮುಕ್ಕಿನತ್ತ ತಳ್ಳುತ್ತಿತ್ತೇ ಹೊರತು ಬಾಯಿಗೆ ಹೋಗಲಿಲ್ಲ.

"ಆ ದೇಶದಲ್ಲಿ ಚಿಕ್ಕಪ್ಪ ಏನ್ ಮಾಡ್ತಿದಾರೆ, ಡ್ಯಾಡಿ?" ಅವರ ಪುಟ್ಟ ಮಗಳು ಇಂಗ್ಲಿಷಿನಲ್ಲಿ ಕೇಳಿದಳು.

"ಶಾಸನಸಭೆಯಲ್ಲಿ ಕೂತು ಬರೀತಾನೆ. ಬರೆದು ಮನೆಗೆ ಹೋಗ್ತಾನೆ."

"ದಿನಾಲೂ?"

"ದಿನಾಲೂ."

ಕೆಳಗೆ ಹಾರ್ನ್ ಆಯಿತು. ಏರ್‌ಪೋರ್ಟಿಗೆ ಬಿಡುವ ಸ್ನೇಹಿತ ಬೇಗ ಬಂದುಬಿಟ್ಟಿದ್ದ. ಆತ ಅರ್ಧ ಊಟಕ್ಕೇ ಎದ್ದ. ಬಾಗಿಲು ಮುಚ್ಚುವ ಮೊದಲೇ ಆಕೆ ತನ್ನ ತಟ್ಟೆಯನ್ನು ಮೇಜಿನ ಮೇಲೆ ಒಂದು ಸುತ್ತು ತಿರುಗಿಸಿದಳು. ಮಗಳೂ ತಿರುಗಿಸಿದಳು.

"ಊಟದ ಮಧ್ಯೆ ಯಾರಾದ್ರೂ ಹೊರಟ್ರೆ ಉಳಿದವರು ತಿರುಗಿಸ್ಬೇಕು, ಅವರು ಕ್ಷೇಮವಾಗಿರ್ಲಿ ಅಂತ," ಎಂದಳು ಆಕೆ. "ನೀವೂ, ಪ್ಲೀಸ್."

ಬಡಿಸಿದ ತಟ್ಟೆ ಅಲುಗಿಸಬಾರದೆಂದು ಕಲಿತ ನನ್ನ ಕೈ ತಡೆಯಿತು.

"ಏನೇ ಇದು?" ನಮ್ಮವರು ಪಿಸುಗುಟ್ಟಿದರು.

"ಸುಮ್ನೆ ತಿರುಗಿಸೀಂದ್ರೆ."

ತಿರುಗಿಸಿದೆವು. ಪಿಂಗಾಣಿ ಮೇಜಿಗೆ ಉಜ್ಜಿ ಕಿರ್ರೆಂದಿತು. ಮಗಳು ಅಪ್ಪನ ತಟ್ಟೆಗೂ ಕೈ ಚಾಚಿದಳು.

"ಅದು ಬೇಡ!" ಆಕೆ ಮಗಳ ಮಣಿಕಟ್ಟು ಹಿಡಿದಳು. "ಅದನ್ನ ಹೋದವರೇ ಬಂದು ತಿರುಗಿಸ್ಬೇಕು."

ಮುಂದಿನ ಭಾನುವಾರ ಆ ತಟ್ಟೆ ತೊಳೆದು ಅಲ್ಲೇ ಇತ್ತು, ಮುಕ್ಕು ಬಾಗಿಲ ಕಡೆಗೆ. ಎಷ್ಟೋ ತಿಂಗಳ ನಂತರ ನಾವು ಕೆಂಡಲ್ ಪಾರ್ಕ್ ಎಂಬ ಊರಿಗೆ ಮನೆ ಬದಲಾಯಿಸಿದ ದಿನವೂ ಹಾಗೇ ಇತ್ತು.