ಹಲಗೆಗಿಂತ ಉದ್ದದ ಮೀನು

ನನ್ನ ಭಾವ ಬಡಗಿ. ಅಕ್ಕನನ್ನು ನೋಡಲು ಮೊದಲ ಸಲ ನಮ್ಮ ಮನೆಗೆ ಬಂದಾಗ ಚಹಾ ಲೋಟ ಮುಟ್ಟುವ ಮೊದಲೇ ಜೇಬಿನಿಂದ ಟೇಪು ತೆಗೆದು, ಕಿಟಕಿಯ ಚೌಕಟ್ಟು ಅಳೆದು, "ಎಡಗಡೆ ಒಂದು ಬೆರಳು ಜಾಸ್ತಿ ಇದೆ" ಎಂದರು. ಅಪ್ಪ ಆ ಕಿಟಕಿಯ ಕಡೆ ನೋಡುವುದನ್ನೇ ಬಿಟ್ಟರು. ಅಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕಳು. ಇಂಥವರನ್ನು ನೋಡಿ ನಗಬಹುದು, ಮದುವೆಯಾಗಬಾರದು ಎಂದು ನಾನು ಬುದ್ಧಿ ಹೇಳಿದೆ. ತಮ್ಮನ ಮಾತು ಯಾರು ಕೇಳುತ್ತಾರೆ?

ನಮ್ಮ ಕೆರೆಯಲ್ಲಿ ವರ್ಷಕ್ಕೊಮ್ಮೆ ಕಯಾಕ್ ಮೀನು ಸ್ಪರ್ಧೆ ನಡೆಯುತ್ತದೆ. ಕಯಾಕ್ ಎಂದರೆ ಒಬ್ಬರೇ ಕಾಲು ಚಾಚಿ ಕೂತು ಹುಟ್ಟು ಹಾಕುವ ಕಿರುದೋಣಿ. ಅದರಲ್ಲೇ ಕೂತು ಗಾಳ ಹಾಕಬೇಕು. ಸಿಕ್ಕ ಮೀನನ್ನು ಗೆರೆ ಕೊರೆದ ಹಲಗೆಯ ಮೇಲೆ ಮಲಗಿಸಿ, ಫೋಟೋ ತೆಗೆದು ದಡಕ್ಕೆ ಕಳಿಸಿ, ಜೀವಂತ ನೀರಿಗೆ ಬಿಡಬೇಕು. ಅತಿ ಉದ್ದದ ಮೀನು ಹಿಡಿದವರು ಗೆದ್ದಂತೆ. ಸ್ಪರ್ಧೆ ನಡೆಸುವ ಸಂಘದವರು ಹಲಗೆ ಮಾಡಿಸಲು ಭಾವನ ಬಳಿ ಬಂದವರು ಹಲಗೆಯ ಜೊತೆ ಅವರು ಹೇಳಿದ ನಿಯಮಗಳನ್ನೂ ಹೊತ್ತುಕೊಂಡು ಹೋದರು. ಕೊನೆಗೆ ಅವರನ್ನೇ ತೀರ್ಪುಗಾರರನ್ನಾಗಿ ಕೂರಿಸಿದರು. ಮೀನಿನ ಬಾಯಿ ಮುಚ್ಚಿರಬೇಕು. ಮೂಗು ಹಲಗೆಯ ಮುಂದಿನ ಪಟ್ಟಿಗೆ ತಾಗಿರಬೇಕು. ಬಾಲದ ತುದಿ ಹಲಗೆಯ ಮೇಲೆ ಕಾಣಬೇಕು. ಮೂವತ್ತು ಸೆಂಟಿಮೀಟರಿಗಿಂತ ಗಿಡ್ಡದ್ದು ಲೆಕ್ಕಕ್ಕಿಲ್ಲ.

ಹಲಗೆಯ ಉದ್ದ ಅರವತ್ತು ಸೆಂಟಿಮೀಟರು. ಯಾರದೋ ಕಪಾಟು ಮಾಡಿ ಮಿಕ್ಕ ತುಂಡುಗಳು ಅಷ್ಟೇ ಉದ್ದ ಇದ್ದವು, ಅದಕ್ಕೆ. "ಈ ಕೆರೆ ಮೀನಿಗೆ ಇಷ್ಟು ಧಾರಾಳವಾಯ್ತು" ಎಂದರು ಭಾವ. ಮೀನುಗಳನ್ನು ಯಾರೂ ಕೇಳಲಿಲ್ಲ.

ನಿಯಮ ದಡದಲ್ಲೇ ಉಳಿದಿದ್ದರೆ ನಾನು ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದೆ. ಅದು ಅಡುಗೆಮನೆಗೂ ಬಂತು. ಪೇಟೆಯಿಂದ ತಂದ ಮೀನನ್ನೂ ಭಾವ ಅಳೆದು, ಗಿಡ್ಡವಾದವನ್ನು ಚೀಲಕ್ಕೆ ಹಾಕಿ ವಾಪಸ್ಸು ಒಯ್ಯುತ್ತಿದ್ದರು.

"ಸ್ವಾಮಿ, ಇವು ಸತ್ತಿವೆ. ಇನ್ನು ಬೆಳೆಯಲ್ಲ" ಎಂದಳು ಮೀನು ಮಾರುವವಳು.

"ಸತ್ತಿದ್ದಕ್ಕೆ ಬೇರೆ ನಿಯಮ ಇಲ್ಲಮ್ಮ" ಎಂದರು ಭಾವ.

ಅಕ್ಕ ಸ್ಕೂಲ್ ವ್ಯಾನ್ ಓಡಿಸುತ್ತಾಳೆ. ದಿನವಿಡೀ ಮಕ್ಕಳ ಗಲಾಟೆ ಕೇಳಿ ತಲೆಚಿಟ್ಟು ಹಿಡಿದವಳಿಗೆ ನೀರಿನ ಮೇಲೆ ಒಬ್ಬಳೇ ಕೂರುವುದೆಂದರೆ ಪ್ರಾಣ. ಆದರೆ ಸ್ವಂತ ಕಯಾಕ್ ಇಲ್ಲ. ಸಂಘದ್ದೊಂದು ಹಳೆಯದಿದೆ, ಅದರಲ್ಲಿ ಅರ್ಧ ಹೊತ್ತು ಹುಟ್ಟು ಹಾಕಬೇಕು, ಇನ್ನರ್ಧ ನೀರು ಮೊಗೆಯಬೇಕು. ಈ ಸಲ ಮೊದಲ ಬಹುಮಾನವೇ ಹೊಸ ಕಯಾಕ್, ಹಳದಿ ಬಣ್ಣದ್ದು. ಅಕ್ಕ ದಡದಲ್ಲಿದ್ದ ಸಂಘದ ಶೆಡ್ಡಿಗೆ ಹೋಗಿ ಹೋಗಿ ಅದನ್ನು ಸವರಿ ಬಂದಳು. ಗಂಡನೇ ತೀರ್ಪುಗಾರ, ಹೆಂಡತಿ ಸ್ಪರ್ಧಿ ಎಂದು ಯಾರೂ ಆಕ್ಷೇಪ ಎತ್ತಲಿಲ್ಲ. ಎಲ್ಲರೂ ಅವಳನ್ನು ಕಂಡು ಅಯ್ಯೋ ಪಾಪ ಎಂದರು.

ಸ್ಪರ್ಧೆಯ ದಿನ ಹಲ್ಲಿನ ಡಾಕ್ಟರು ಐವತ್ತೆಂಟರ ಮೀನು ಹಿಡಿದು ಮೀಸೆ ತಿರುವುತ್ತಿದ್ದರು. ಅಷ್ಟರಲ್ಲಿ ಅಕ್ಕನ ಫೋಟೋ ಬಂತು. ಮೀನಿನ ಬಾಯಿ ಮುಚ್ಚಿತ್ತು, ಮೂಗು ಪಟ್ಟಿಗೆ ತಾಗಿತ್ತು. ಹಲಗೆ ಮುಗಿದರೂ ಮೀನು ಮುಗಿದಿರಲಿಲ್ಲ. ಬಾಲ ಅಕ್ಕನ ತೊಡೆಯ ಮೇಲೆ ಬಿದ್ದಿತ್ತು.

"ಬಾಲದ ತುದಿ ಹಲಗೆ ಮೇಲಿಲ್ಲ" ಎಂದರು ಭಾವ, ಕಡ್ಡಿ ಮುರಿದ ಹಾಗೆ. "ಸೊನ್ನೆ."

ಶೆಡ್ಡಿನಲ್ಲಿ ರಂಪವಾಯಿತು. ಟೈರ್ ಅಂಗಡಿ ಇಟ್ಟಿರುವ ಸಂಘದ ಅಧ್ಯಕ್ಷರು, "ಅಂದಾಜು ಹಾಕೋಣಪ್ಪ" ಎಂದರು.

"ಅಂದಾಜಲ್ಲಿ ಬಾಗಿಲು ಮಾಡಿದ್ರೆ ನೀವು ದುಡ್ಡು ಕೊಡ್ತೀರಾ?" ಎಂದರು ಭಾವ.

ಹಲ್ಲಿನ ಡಾಕ್ಟರು ಮುಂದೆ ಬಾಗಿ, "ಹಲಗೆಯಿಂದ ಆಚೆ ಇರೋದು ಇದೇ ಮೀನಿಂದು ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದರು. ಇಷ್ಟು ಓದಿದ ಮನುಷ್ಯ! ಮೀನನ್ನೇ ಕರೆದು ಕೇಳೋಣವೆಂದರೆ ನಿಯಮದಂತೆ ಅದು ಆಗಲೇ ನೀರಿಗೆ ಹೋಗಿತ್ತು. ಕೊನೆಗೆ ಅಧ್ಯಕ್ಷರೇ ದಾರಿ ಹುಡುಕಿದರು. ಹಲಗೆ ಪೂರ್ತಿ ತುಂಬಿದೆಯಲ್ಲ, ಅರವತ್ತು ಅಂತ ಬರೆದುಕೊಂಡರೆ ಆಯಿತು. ಅರವತ್ತು ಐವತ್ತೆಂಟಕ್ಕಿಂತ ಹೆಚ್ಚು. ಭಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ.

ಆಗ ಅಕ್ಕ ಒಳಗೆ ಬಂದಳು. ಸೊಂಟದವರೆಗೂ ಒದ್ದೆ. ಮೊದಲು ಅವಳ ಕಣ್ಣು ಹೋದದ್ದು ಹಳದಿ ಕಯಾಕ್ ಕಡೆ. ಭಾವ ಅದನ್ನು ನೋಡಿದರು. ಫೋನು ನೋಡಿದರು, ಮತ್ತೆ ಅವಳನ್ನು ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ಅರವತ್ತು ಅಂತ ಬರೀರಿ" ಎಂದರು. ಕಿಟಕಿಗೆ ಒಂದು ಬೆರಳು ಬಿಟ್ಟುಕೊಡದ ಮನುಷ್ಯ! ನನಗೆ ಅವರ ಮೇಲೆ ಪ್ರೀತಿ ಉಕ್ಕಿದ್ದು ಅದೇ ಮೊದಲು.

"ಅದು ಅರವತ್ತರ ಮೀನಲ್ಲ ರೀ" ಎಂದಳು ಅಕ್ಕ.

"ಗೊತ್ತು. ಆದ್ರೆ ಅರವತ್ತಕ್ಕೇ ನೀನು ಗೆದ್ದೆ."

"ಬಾಲ ಕತ್ತರಿಸಿ ಗೆಲ್ಲಿಸ್ತೀರಾ? ಅದು ನನ್ನ ತೊಡೆಗೆ ಪಟಪಟ ಬಡೀತಿತ್ತು. ಸೊನ್ನೆ ಅಂದ್ರೆ ನಿಮಗೆ ಅಳೆಯೋಕಾಗ್ಲಿಲ್ಲ ಅಂತ. ಅರವತ್ತು ಅಂದ್ರೆ ನಾನು ಹಿಡಿದಿದ್ದೇ ಅಷ್ಟು ಅಂತ. ಸೊನ್ನೆನೇ ಹಾಕಿ."

"ಅಕ್ಕಾ, ನಿನಗೇನು ಹುಚ್ಚಾ? ಕಯಾಕ್ ಕಣೇ!" ಎಂದು ನಾನು ಕಿರುಚಿದೆ. ಅವಳು ತಿರುಗಿಯೂ ನೋಡಲಿಲ್ಲ.

ಕೆರೆಯ ಅತಿ ದೊಡ್ಡ ಮೀನಿಗೆ ಸೊನ್ನೆ ಬಿತ್ತು. ಆಗಲೇ ಎರಡು ಕಯಾಕ್ ಇದ್ದ ಹಲ್ಲಿನ ಡಾಕ್ಟರು ಮೂರನೆಯದನ್ನು ಕಾರಿನ ಮೇಲೆ ಕಟ್ಟಿಕೊಂಡು ಹೋದರು. ನಾವೆಲ್ಲ ಸಾಲಾಗಿ ನಿಂತು ಚಪ್ಪಾಳೆಯನ್ನೂ ತಟ್ಟಿದೆವು.

ಅಕ್ಕನ ವ್ಯಾನಿನಲ್ಲೇ ಮನೆಗೆ ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಭಾವ, "ಜನ್ಮದಲ್ಲಿ ಒಂದೇ ಸಲ ಅಳತೆ ತಪ್ಪಿಸೋಕೆ ಹೊರಟಿದ್ದೆ. ಅದೂ ನಿನಗೋಸ್ಕರ" ಎಂದರು.

"ಗೊತ್ತು ರೀ" ಎಂದಳು ಅಕ್ಕ.

"ನನಗೆ ಅಷ್ಟೇ ಸಾಕು" ಎಂದೂ ಹೇಳುತ್ತಾಳೆ ಅಂದುಕೊಂಡೆ. ಅವಳು ವ್ಯಾನನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸ್ಟೀರಿಂಗಿಗೆ ಹಣೆ ಒತ್ತಿ, "ಆದ್ರೂ ನನಗೆ ಆ ಕಯಾಕ್ ಬೇಕೇ ಬೇಕಾಗಿತ್ತು" ಎಂದು ಮಕ್ಕಳ ಹಾಗೆ ಅಳತೊಡಗಿದಳು. ಭಾವ ಕರವಸ್ತ್ರ ತೆಗೆದು ಕೊಟ್ಟರು. ಅವಳು ಕಣ್ಣು ಒರೆಸಿಕೊಂಡ ಮೇಲೆ ಅದರಲ್ಲೇ ತಾವೂ ಒರೆಸಿಕೊಂಡರು.