ತಲೆಯ ಬಳಿಯ ಮೇಣದಬತ್ತಿ

ಕಳೆದ ವಾರ ಮಗಳ ಹುಟ್ಟುಹಬ್ಬ. ಕೇಕಿನ ಮೇಲಿನ ಮೇಣದಬತ್ತಿಗಳನ್ನು ಅವಳು ಒಂದೇ ಉಸಿರಿಗೆ ಊದಿ ಆರಿಸಿದಳು. ದೀಪವನ್ನು ಬಾಯಲ್ಲಿ ಊದಬಾರದು ಎಂದು ಹೇಳಿಸಿಕೊಂಡು ಬೆಳೆದವಳು ನಾನು. ಈ ಊರಿಗೆ ಬಂದು ಇಷ್ಟು ವರ್ಷವಾದರೂ ಆ ಹೊತ್ತಿಗೆ ಸರಿಯಾಗಿ ಮುಖ ಆಚೆ ತಿರುಗಿಸುತ್ತೇನೆ. ಮುಖವನ್ನೇನೋ ತಿರುಗಿಸಬಹುದು, ಮೂಗನ್ನು ಏನು ಮಾಡುವುದು? ಆರಿದ ಬತ್ತಿಯ ಹೊಗೆ, ಬಿಸಿ ಮೇಣದ ವಾಸನೆ ತೇಲಿ ಬಂತು. ಲಂಡನ್ನಿನ ಹ್ಯಾರೋದ ನಮ್ಮ ಮನೆ, ಅವಳ ಗೆಳತಿಯರ ಗಲಾಟೆ ಎಲ್ಲ ಮೆಲ್ಲಗೆ ಹಿಂದೆ ಸರಿದವು. ನಾನು ಕಿಂಗ್ಸ್‌ಬರಿಯ ಒಂದು ಮಬ್ಬು ಮಧ್ಯಾಹ್ನದಲ್ಲಿ, ಕೆಳಮನೆಯ ಅಂಕಲ್ ಎದುರು ಕೂತಿದ್ದೆ...

ತೊಂಬತ್ತರ ದಶಕದ ನಡುವೆ ಮದುವೆಯಾಗಿ ಮೈಸೂರಿನಿಂದ ಬಂದಾಗ ನಾವು ಬಾಡಿಗೆಗಿದ್ದದ್ದು ಅವರ ಮಹಡಿಯಲ್ಲಿ. ಕೆಳಗೆ ಅವರೊಬ್ಬರೇ. ಮಂಗಳೂರಿನ ಕಡೆಯ ಕ್ರೈಸ್ತರು, ಮನೆಮಾತು ಕೊಂಕಣಿ. ಪಾದ್ರಿಯಾಗಬೇಕೆಂದು ಚಿಕ್ಕ ವಯಸ್ಸಿನಲ್ಲೇ ಸೆಮಿನರಿ ಸೇರಿ, ದೀಕ್ಷೆಗೆ ಮುಂಚೆಯೇ ಹೊರಬಂದು, ಮದುವೆಯಾಗಿ, ಲಂಡನ್ನಿನ ಶಾಲೆಯೊಂದರಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮುಂದಿನ ಕೋಣೆಯ ಮೂಲೆಯಲ್ಲಿ ಪ್ರಾರ್ಥನೆಗೆಂದು ಪುಟ್ಟ ಆಲ್ತಾರು, ಅದರ ಮೇಲೆ ಶಿಲುಬೆ, ಸದಾ ಒಂದು ಮೇಣದಬತ್ತಿ. ಹೆಂಡತಿಯ ಫೋಟೋ ಮಾತ್ರ ಮನೆಯಲ್ಲಿ ಎಲ್ಲೂ ಕಾಣಲಿಲ್ಲ. ನನ್ನ ಬಾಯಿ ಸುಮ್ಮನಿರುವುದಿಲ್ಲ, ಕೇಳಿಯೇಬಿಟ್ಟೆ.

"ಫೋಟೋ ದಿನಾ ನೋಡಿದರೆ ಆಮೇಲೆ ಫೋಟೋ ಮಾತ್ರ ನೆನಪಿರುವುದು, ಮಗಳೇ. ಅವಳು ಹೋಗಿಬಿಡ್ತಾಳೆ," ಅಂದರು.

ಆಗ ನನಗೆ ಇಂಗ್ಲಿಷ್ ಓದಿದರೆ ಅರ್ಥವಾಗುತ್ತಿತ್ತು, ಕೇಳಿದರೆ ಆಗುತ್ತಿರಲಿಲ್ಲ. ಅದರಲ್ಲೂ ಇಮ್ಯಾಜಿನ್ ಅನ್ನುವ ಒಂದು ಕ್ರಿಯಾಪದ ನನ್ನ ಬೆನ್ನು ಬಿದ್ದಿತ್ತು. ಬಸ್‌ಸ್ಟಾಪಿನಲ್ಲಿ ಅಜ್ಜಿಯೊಬ್ಬರು ಆಕಾಶ ನೋಡಿ, ಮಳೆ ಬಂದೀತು ಅನ್ನುವುದಕ್ಕೆ ಇಮ್ಯಾಜಿನ್ ಅಂದರು. ಕೌನ್ಸಿಲ್‌ನವರು ಕಸ ಒಯ್ಯಲಿಲ್ಲ ಎಂದು ಸಿಟ್ಟಾದ ಪಕ್ಕದ ಮನೆಯಾಕೆಯದೂ ಇಮ್ಯಾಜಿನ್. ಊರು ಬಿಟ್ಟು ಬಂದವಳೆಂದು ನನಗೆ ಸಮಾಧಾನ ಹೇಳಿದ ನರ್ಸಮ್ಮನದೂ ಅದೇ. ಅದು ಕವಿಗಳು ಮಾಡುವ ಕೆಲಸ ಎಂದುಕೊಂಡಿದ್ದೆ ನಾನು. ಇಲ್ಲಿ ನೋಡಿದರೆ ಎಲ್ಲರೂ ಕ್ಯೂನಲ್ಲಿ ನಿಂತು ಮಾಡುತ್ತಿದ್ದರು. ಒಂದು ದಿನ ಸೌತ್‌ಹಾಲ್‌ನ ಇಂಡಿಯನ್ ಅಂಗಡಿಯಿಂದ ತಂದ ಕರಿಬೇವನ್ನು ಅವರಿಗೆ ಕೊಡಲು ಹೋದಾಗ ಇದರ ಅರ್ಥ ಕೇಳಿದೆ.

ಅವರ ಮುಖ ಅರಳಿತು. "ಕೂತುಕೋ, ಚಾ ಮಾಡ್ತೇನೆ. ಅದು ನಿಂತುಕೊಂಡು ಹೇಳುವ ಶಬ್ದ ಅಲ್ಲ."

ಲ್ಯಾಟಿನ್ನಿನಲ್ಲಿ ಇಮಾಗೊ ಅಂದರೆ ಪ್ರತಿರೂಪ, ಪಡಿಯಚ್ಚು. ಅದರಿಂದ ಹುಟ್ಟಿದ್ದು ಈ ಕ್ರಿಯಾಪದ. ಹಳೆಯ ರೋಮಿನ ದೊಡ್ಡ ಮನೆಗಳಲ್ಲಿ ತೀರಿಹೋದ ಹಿರಿಯರ ಮುಖಗಳನ್ನು ಮೇಣದಲ್ಲಿ ಮಾಡಿ ಹಜಾರದಲ್ಲಿ ಇಡುತ್ತಿದ್ದರಂತೆ, ಆ ಮುಖಗಳಿಗೂ ಅದೇ ಹೆಸರಂತೆ. ಮನೆಯಲ್ಲಿ ಯಾರಾದರೂ ಸತ್ತರೆ ಆ ಮುಖಗಳನ್ನು ಹಾಕಿಕೊಂಡು ಜನ ಮೆರವಣಿಗೆಯಲ್ಲಿ ನಡೆಯುತ್ತಿದ್ದರಂತೆ. ಸತ್ತ ಅಜ್ಜಂದಿರೆಲ್ಲ ಎದ್ದು ಬಂದು ಹೊಸಬನನ್ನು ಕರೆದೊಯ್ದ ಹಾಗೆ. "ಇಮ್ಯಾಜಿನ್ ಅಂದರೆ ಸುಮ್ಮನೆ ಯೋಚನೆ ಮಾಡುವುದಲ್ಲ. ಎದುರಿಗೆ ಇಲ್ಲದವರ ರೂಪ ಮಾಡಿ ಒಳಗೆ ಇಟ್ಟುಕೊಳ್ಳುವುದು. ಕನ್ನಡದಲ್ಲಿ ಎಂತ ಹೇಳ್ತೀರಿ ಇದಕ್ಕೆ?"

ಊಹಿಸು ಅಂದೆ. ಕಲ್ಪಿಸಿಕೋ ಅಂದೆ. ಅಂದುಕೋ ಅಂದೆ. ಅವರು ಅಲ್ಲ ಎಂದು ತಲೆ ಆಡಿಸುತ್ತಲೇ ಇದ್ದರು. ಕೊನೆಗೆ, "ಕಣ್ಣಿಗೆ ಕಟ್ಟೋದು ಅಂತೀವಿ ಅಂಕಲ್," ಅಂದೆ. ಅವರು ಅದನ್ನು ತಮ್ಮಷ್ಟಕ್ಕೇ ಮತ್ತೆ ಮತ್ತೆ ಹೇಳಿಕೊಂಡರು, ಚಾ ತಣ್ಣಗಾಗುವವರೆಗೆ.

ಕಣ್ಣಿಗೆ ಕಟ್ಟುವುದಕ್ಕೂ ಒಂದು ಕ್ರಮವಿದೆ ಎಂದು ನಾನು ಕಲಿತದ್ದು ಅವರಿಂದಲೇ. ಸೆಮಿನರಿಯಲ್ಲಿ ಪ್ರಾರ್ಥನೆಗೆ ಮುಂಚೆ, ಅಂದು ಧ್ಯಾನಿಸಬೇಕಾದ ಧರ್ಮಗ್ರಂಥದ ಘಟನೆ ನಡೆದ ಜಾಗವನ್ನು ಮನಸ್ಸಿನಲ್ಲಿ ಕಟ್ಟಬೇಕಿತ್ತಂತೆ. ದಾರಿ ಅಗಲವೋ ಇಕ್ಕಟ್ಟೋ, ದೇವಕುಮಾರ ಹುಟ್ಟಿದ ಕೊಟ್ಟಿಗೆಯಲ್ಲಿ ಏನು ವಾಸನೆ, ಯಾರ ದನಿ ಕೇಳುತ್ತಿದೆ... ಹೀಗೆ. ಸೆಮಿನರಿ ಬಿಟ್ಟರೂ ಆ ಅಭ್ಯಾಸವನ್ನು ಅವರು ಬಿಟ್ಟಿರಲಿಲ್ಲ. ಬೆಳಿಗ್ಗೆ ಚಾ ಹಿಡಿದು ಕೂತರೆಂದರೆ ಹೆಂಡತಿಯನ್ನು ಮನಸ್ಸಿನಲ್ಲಿ ಕಟ್ಟುತ್ತಿದ್ದಾರೆ ಎಂದೇ ಅರ್ಥ, ಆಗ ನಾನು ಮೆಟ್ಟಿಲನ್ನೂ ಸದ್ದಾಗದಂತೆ ಇಳಿಯುತ್ತಿದ್ದೆ. ನನ್ನ ಮುಖ ಸಪ್ಪಗಿದ್ದ ದಿನ ನನ್ನನ್ನೂ ಕೂರಿಸುತ್ತಿದ್ದರು. ಪರದೆ ಅರ್ಧ ಎಳೆದು, ಆಲ್ತಾರಿನ ಬತ್ತಿ ಹಚ್ಚಿ, "ಮೊದಲು ನೆಲ. ಕಾಲಿಗೆ ಎಂತ ತಾಗ್ತದೆ ಹೇಳು ನೋಡುವ," ಅನ್ನುತ್ತಿದ್ದರು.

ಮೈಸೂರಿನ ನಮ್ಮ ಮನೆಯ ಕೆಂಪು ನೆಲ ಕಾಲಿಗೆ ತಣ್ಣಗೆ ತಾಗುತ್ತಿತ್ತು. ಆಮೇಲೆ ಸದ್ದು, ಆಮೇಲೆ ವಾಸನೆ. ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಹತ್ತಿ ಬಿಡಿಸುವ ಅಮ್ಮ. ಬತ್ತಿ ಹೊಸೆಯುವ ಅವಳ ಬೆರಳು, ಆ ಬೆರಳಿಗೆ ಅಂಟಿದ ವಿಭೂತಿ. ಮುಖ ಬೇಕೆಂದು ನಾನು ಅವಸರ ಮಾಡಿದರೆ ಅಂಕಲ್ ತಡೆಯುತ್ತಿದ್ದರು. ಮುಖ ಕೊನೆಗೆ ಬರುತ್ತದೆ, ಕರೆದರೆ ಬರುವುದಿಲ್ಲ ಅನ್ನುತ್ತಿದ್ದರು. ಕಣ್ಣು ಬಿಟ್ಟಾಗ ಕಿಟಕಿಯಾಚೆ ಅದೇ ಬೂದಿ ಬಣ್ಣದ ರಸ್ತೆ. ಆದರೂ ಊರಿಗೆ ಹೋಗಿ ಬಂದಷ್ಟು ಹಗುರಾಗಿರುತ್ತಿದ್ದೆ.

ಆ ಚಳಿಗಾಲದಲ್ಲಿ ಅಮ್ಮ ಹಾಸಿಗೆ ಹಿಡಿದಳು. ನಮ್ಮ ಪಾಸ್‌ಪೋರ್ಟುಗಳು ವೀಸಾ ಮುಂದುವರಿಸಲು ಹೋಗಿದ್ದವು, ಅವು ಬರುವವರೆಗೆ ದೇಶ ಬಿಡುವಂತಿರಲಿಲ್ಲ. ನನ್ನ ಗಂಡ ಮತ್ತೆ ಮತ್ತೆ ವಿಚಾರಿಸಿದರು, ಕಾಯಬೇಕು ಅನ್ನುವುದೊಂದೇ ಉತ್ತರ. ಫೋನಿನಲ್ಲಿ ಅಮ್ಮನ ದನಿ ವಾರವಾರಕ್ಕೂ ತೆಳ್ಳಗಾಗುತ್ತಿತ್ತು. ಅವಳಿರುವಾಗಲೇ ಒಂದು ಸಲ ಅವಳ ಬಳಿ ಕೂತುಕೊಳ್ಳಬೇಕು, ನನಗೆ ಬೇರೇನೂ ಬೇಕಿರಲಿಲ್ಲ.

"ಹೋಗಲಿಕ್ಕೆ ಆಗದಿದ್ದರೆ ಇಲ್ಲಿಂದಲೇ ಅವಳ ಹಾಸಿಗೆಯ ಹತ್ತಿರ ಕೂತುಕೋ," ಅಂದರು ಅಂಕಲ್.

"ಬಿಡ್ತು ಅನ್ನಿ ಅಂಕಲ್. ಮಲಗಿರೋದನ್ನ ನೆನೆಸ್ಕೊಂಡ್ರೆ ಅಶ್ವಿನಿ ದೇವತೆಗಳು ಅಸ್ತು ಅಂದುಬಿಡ್ತಾರೆ."

ಆ ದೇವತೆಗಳು ಯಾರು ಎಂದು ವಿವರಿಸಬೇಕಾಯಿತು. ಕೆಟ್ಟದ್ದನ್ನು ಆಡಿದರೂ ನೆನೆದರೂ ಹಾಗೇ ಆಗಲಿ ಅನ್ನುತ್ತ ಮೇಲೆ ಓಡಾಡುವವರು ಅವರು ಎಂದೆ. ಅಂಕಲ್ ನಗಲಿಲ್ಲ. ಈ ದೇಶದಲ್ಲೂ ಹಿಂದೆ ಅರಸನ ಸಾವನ್ನು ಇಮ್ಯಾಜಿನ್ ಮಾಡುವುದು ರಾಜದ್ರೋಹವಾಗಿತ್ತು, ಆಗ ಆ ಪದಕ್ಕೆ ಸಂಚು ಹೂಡುವುದು ಅಂತಲೂ ಅರ್ಥವಿತ್ತು ಅಂದರು. "ನಿನ್ನ ದೇವತೆಗಳು ಇಲ್ಲಿಯ ಕೋರ್ಟಿನಲ್ಲಿಯೂ ಕೂತಿದ್ದರು ಅಂತ ಆಯ್ತಲ್ಲ, ಮಾರಾಯ್ತಿ." ನನಗೆ ನಗು ಬಂತು. ಆದರೂ ಆ ಚಳಿಗಾಲವಿಡೀ ನಾನು ಕಟ್ಟಿದ್ದು ಬತ್ತಿ ಹೊಸೆಯುವ ಅಮ್ಮನನ್ನು ಮಾತ್ರ. ಅವಳನ್ನು ಮಲಗಲು ಬಿಡಲೇ ಇಲ್ಲ.

ಫೋನ್ ಬಂದದ್ದು ಒಂದು ಮಧ್ಯಾಹ್ನ. ಅಣ್ಣನ ದನಿ, ಹಿಂದೆ ಯಾರೋ ಅಳುವ ಸದ್ದು... ಗಂಡ ಕೆಲಸದಲ್ಲಿದ್ದರು. ನಾನು ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತೆ. ಅಂಕಲ್ ನನ್ನ ಮುಖ ನೋಡಿದರು. ಪರದೆ ಎಳೆದರು, ಬತ್ತಿ ಹಚ್ಚಿದರು.

"ಈಗ ಯಾರು ಅಸ್ತು ಅಂದರೂ ಎಂತ ಆಗುವುದಿಲ್ಲ, ಮಗಳೇ. ಹೋಗು. ಅಮ್ಮನ ಹತ್ತಿರ ಹೋಗು."

ನೆಲ ತಣ್ಣಗಿತ್ತು. ಚಾಪೆ ಇತ್ತು. ಅಮ್ಮನ ಪಾದ, ಸೀರೆಯ ಅಂಚು, ಕೊನೆಗೂ ಸುಮ್ಮನಾದ ಬೆರಳು. ಅಲ್ಲಿಂದ ಮುಂದೆ ಹೋಗಲಾರದೆ ನಿಂತುಬಿಟ್ಟೆ. ತಲೆಯ ಹತ್ತಿರ ಎಂತ ಉಂಟು ಎಂದು ಅವರು ಕೇಳಿದರು. ನಾನು ಸೀರೆಯ ಅಂಚನ್ನೇ ನೋಡುತ್ತಿದ್ದೆ. ಅವರೇ ಹೇಳಿದರು, "ಒಂದು ಮೇಣದಬತ್ತಿ ಉಂಟು. ಉರೀತಾ ಉಂಟು. ಅದರ ಬೆಳಕಿನಲ್ಲಿ ನೋಡು."

ನೋಡಿದೆ. ಮುಖ ಬಂತು. ಎಷ್ಟು ಶಾಂತವಾಗಿತ್ತೆಂದರೆ, ನಾನು ಅಲ್ಲಿಯೇ ಅವರ ಕಾರ್ಪೆಟ್ಟಿನ ಮೇಲೆ ಕೂತು ಮನಸಾರೆ ಅತ್ತುಬಿಟ್ಟೆ.

ಪಾಸ್‌ಪೋರ್ಟ್ ಬಂದ ಮೇಲೆ ಮೈಸೂರಿಗೆ ಹೋದೆ. ತಲೆಯ ಬಳಿ ಎಣ್ಣೆದೀಪ ಇಟ್ಟಿದ್ದೆವು, ಬತ್ತಿ ಅಮ್ಮ ಹೊಸೆದದ್ದೇ ಎಂದ ಅಣ್ಣ. ಮತ್ತಿನ್ನೇನಿರುತ್ತದೆ? ನಮ್ಮ ಮನೆಯಲ್ಲಿ ಹೆಣದ ಬಳಿ ಮೇಣದಬತ್ತಿ ಇಡುವವರು ಯಾರು? ಅಂಕಲ್ ತಮ್ಮ ಮನೆಯ ಸಾವಿನಲ್ಲಿ ಕಂಡದ್ದನ್ನು ನಮ್ಮ ಮನೆಗೆ ತಂದಿಟ್ಟಿದ್ದರು. ಕಣ್ಣು ಮುಚ್ಚಿ ನಾನು ಅದನ್ನು ತೆಗೆದು ದೀಪ ಇಡಲು ನೋಡಿದೆ. ಆಗಲಿಲ್ಲ. ಅಂದಿನಿಂದ ನನ್ನ ಅಮ್ಮ ಮೇಣದಬತ್ತಿಯ ಬೆಳಕಿನಲ್ಲೇ ಮಲಗಿದ್ದಾಳೆ. ಲಂಡನ್ನಿಗೆ ವಾಪಸಾದ ಮೇಲೆ ಅಂಕಲ್‌ಗೆ ಇದನ್ನು ಹೇಳಿದಾಗ ಅವರು ತಮ್ಮ ಹಣೆ ಬಡಿದುಕೊಂಡರು. "ಛೆ, ನಿಮ್ಮಲ್ಲಿ ದೀಪ ಅಲ್ಲವಾ, ನನಗೆ ಹೊಳೀಲೇ ಇಲ್ಲ," ಎಂದು ಬಹಳ ದಿನ ಪೇಚಾಡಿದರು. ಇರಲಿ ಬಿಡಿ ಅಂಕಲ್, ಅದರಲ್ಲೇ ಮುಖ ಕಂಡದ್ದು ಅಂದೆ.

ಆಮೇಲೆ ನಾವು ಹ್ಯಾರೋದಲ್ಲಿ ಮನೆ ಕೊಂಡೆವು, ಮಗಳು ಹುಟ್ಟಿದಳು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅಂಕಲ್ ನಮ್ಮ ಮನೆಗೆ ಹತ್ತಿರದ ಒಂದು ವೃದ್ಧರ ಮನೆ ಸೇರಿದರು. ನಾನು ಗಂಜಿ, ಉಪ್ಪಿನಕಾಯಿ ಒಯ್ಯುತ್ತಿದ್ದೆ. ಅವರು ತೀರಿಕೊಂಡಾಗ ನಾನು ಎಲ್ಲಿದ್ದೆ ಗೊತ್ತೇ? ಮೈಸೂರಿನಲ್ಲಿ. ಈ ಸಲ ಪಾಸ್‌ಪೋರ್ಟ್ ಕೈಯಲ್ಲೇ ಇತ್ತು, ರಜೆಗೆಂದು ಹೋಗಿದ್ದೆ. ನನ್ನ ಹಣೆಬರಹವೇ ಇಷ್ಟು ಎಂದು ಸಿಟ್ಟು ಬಂತು. ಗಂಡ ಫೋನಿನಲ್ಲಿ ಸುದ್ದಿ ಹೇಳಿದ ಮೇಲೆ ಅಮ್ಮ ಕೂರುತ್ತಿದ್ದ ಪಡಸಾಲೆಯಲ್ಲಿ ಕಣ್ಣು ಮುಚ್ಚಿ ಕೂತೆ. ಮೊದಲು ನೆಲ, ವೃದ್ಧರ ಮನೆಯ ಆ ನೀಲಿ ಕಾರ್ಪೆಟ್. ಆಮೇಲೆ ಹೀಟರಿನ ಸದ್ದು, ತಣ್ಣಗಾದ ಚಾ. ಮಂಚ, ಕಂಬಳಿ, ಅವರ ಕೈ. ತಲೆಯ ಹತ್ತಿರ ಏನಿದೆ ಎಂದು ಕೇಳುವವರು ಯಾರೂ ಇರಲಿಲ್ಲ. ನಾನೇ ನೋಡಿದೆ. ಎಣ್ಣೆದೀಪ ಉರಿಯುತ್ತಿತ್ತು, ಅಮ್ಮ ಹೊಸೆದ ಬತ್ತಿ ಹಾಕಿ.

"ಅಮ್ಮಾ, ಆರ್ ಯು ಓಕೆ?" ಮಗಳು ಕೇಕಿನ ತಟ್ಟೆ ಹಿಡಿದು ಎದುರಿಗೆ ನಿಂತಿದ್ದಳು. ಹೂಂ ಅಂದೆ.

ಎಲ್ಲರೂ ಹೋದ ಮೇಲೆ ಸೋಫಾದಲ್ಲಿ ಕೂತು ಅಂಕಲ್ ಅವರನ್ನು ಕಟ್ಟಲು ನೋಡಿದೆ. ಕೈ ಬಂತು, ಚಾ ಬಂತು, "ಹೇಳು ನೋಡುವ" ಅನ್ನುವ ದನಿಯೂ ಬಂತು. ಮುಖ ಬರಲಿಲ್ಲ. ಈಚಿನ ದಿನಗಳಲ್ಲಿ ಬರುತ್ತಲೇ ಇಲ್ಲ... ಅವರ ಮಾತು ಕೇಳಿ ನಾನು ಅವರದೊಂದು ಫೋಟೋ ಕೂಡ ತೆಗೆದಿಟ್ಟುಕೊಳ್ಳಲಿಲ್ಲ. ತಲೆಯ ಬಳಿಯ ಆ ದೀಪ ಮಾತ್ರ ಅಲ್ಲೇ ಇದೆ, ಅವರ ದಿಂಬನ್ನು ಬೆಳಗುತ್ತಿದೆ. ಕಣ್ಣು ಬಿಡುವ ಮುಂಚೆ ಅದಕ್ಕೆ ಇನ್ನಷ್ಟು ಎಣ್ಣೆ ಹಾಕಿ ಬಂದೆ.